ಒಬ್ಬಳ ಹೆಸರಿನಲ್ಲಿ ಹೋದ ಪುಸ್ತಕಗಳು

ಕಾರವಾರದ ಆ ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆಗೆ ಹೋಗುವವರು ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡಬೇಕಿತ್ತು. ಒಳಗೆ ದೇವರೇನೂ ಇರಲಿಲ್ಲ. ಬಟ್ಟೆ ಹೊದಿಸಿಟ್ಟ ಎರಡು ಯಂತ್ರಗಳಿದ್ದವು, ಊರಲ್ಲಿ ಬೇರೆಲ್ಲೂ ಸಿಗದಂಥ ತಂಪಿತ್ತು. ಆಯುಧಪೂಜೆಯಲ್ಲಿ ಯಾರೋ ಹಚ್ಚಿದ ಕುಂಕುಮ ಒಂದು ಯಂತ್ರದ ನೆತ್ತಿಯ ಮೇಲೆ ಇನ್ನೂ ಉಳಿದಿತ್ತು. ೧೯೯೩ರ ಕೊನೆಯಲ್ಲಿ ಮೊದಲ ಸಲ ಅಲ್ಲಿಗೆ ಹೋದ ಸುಗಂಧಾ, ಕೈ ಮುಗಿಯಬೇಕೋ ಬೇಡವೋ ತಿಳಿಯದೆ ಸುಮ್ಮನೆ ನಿಂತುಬಿಟ್ಟಳು. ನಗುವವರು ನಗಲಿ. ಗೊತ್ತಿಲ್ಲದ ವಸ್ತುವಿನ ಮುಂದೆ ಕೈ ಮುಗಿಯುವುದು, ಎಲ್ಲ ಗೊತ್ತಿದೆಯೆಂದು ಬಡಾಯಿ ಕೊಚ್ಚುವುದಕ್ಕಿಂತ ಎಷ್ಟೋ ವಾಸಿ.

ಸುಗಂಧಾ ಅಂಕೋಲೆಯ ಒಂದು ಶಾಖಾ ಗ್ರಂಥಾಲಯದಲ್ಲಿ ಸಹಾಯಕಿ. ಮನೆ ಕಾರವಾರದ ಬೈತಖೋಲದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಅಂಕೋಲೆಗೆ ಹೋಗುವುದು, ಸಂಜೆ ಬಸ್ಸು ಹತ್ತಿ ಬರುವುದು. ಹತ್ತು ವರ್ಷದಿಂದ ಇದೇ ಅವಳ ಬದುಕು. ತಂದೆ ಬೀರಾ ಬಂದರಿನಲ್ಲಿ ಮೂಟೆ ಹೊತ್ತವನು, ಈಗಿಲ್ಲ. ತಾಯಿ ಗಂಗೂ ಮೀನು ಮಾರುವವಳು.

ಬೈತಖೋಲದ ಮೀನು ಹರಾಜನ್ನು ನೋಡದವರಿಗೆ ಒಂದು ಸಂಗತಿ ಹೇಳಲೇಬೇಕು. ಟ್ರಾಲರು ಬಂದು ಬುಟ್ಟಿಗಳು ಇಳಿದಾಗ ಸವಾಲು ಕೂಗುವವಳು ಒಬ್ಬಳೇ. ಆದರೆ ಇಡೀ ಬುಟ್ಟಿ ಕೊಳ್ಳುವ ತಾಕತ್ತು ಒಬ್ಬಳಿಗಿರುವುದಿಲ್ಲ. ಅವಳ ಬೆನ್ನ ಹಿಂದೆ ನಾಲ್ಕೈದು ಹೆಂಗಸರು ಸೆರಗು ಕಟ್ಟಿ ನಿಂತಿರುತ್ತಾರೆ. ಬುಟ್ಟಿ ಒಬ್ಬಳ ಹೆಸರಿಗೆ ಆಗುತ್ತದೆ, ಆಮೇಲೆ ಬದಿಗೆ ಒಯ್ದು ಮೀನನ್ನು ಪಾಲು ಮಾಡಿಕೊಳ್ಳುತ್ತಾರೆ. ಗಂಗೂನ ಗಂಟಲು ದೊಡ್ಡದು, ಹಾಗಾಗಿ ಹೆಸರು ಯಾವಾಗಲೂ ಅವಳದೇ. ಇದನ್ನು ನೋಡುತ್ತಲೇ ಬೆಳೆದ ಸುಗಂಧಾಳಿಗೆ ಒಂದು ಹೆಸರೆಂದರೆ ಒಬ್ಬರೇ ಎಂದು ಅನ್ನಿಸಿದ್ದೇ ಇಲ್ಲ. ಮುಂದೆ ಆದದ್ದಕ್ಕೆಲ್ಲ ಇದೇ ಮೂಲ.

ಅಂಕೋಲೆಯ ಗ್ರಂಥಾಲಯಕ್ಕೆ ರಾಮನಗುಳಿ ಕಡೆಯಿಂದ ಬರುತ್ತಿದ್ದ ಸದಸ್ಯೆ ಒಬ್ಬಳೇ. ಹೆಸರು ನಾಗಮ್ಮ. ಸೊಪ್ಪು, ಮೊಗೆಕಾಯಿ, ಬಾಳೆಎಲೆಗಳನ್ನು ಬಸ್ಸಿನಲ್ಲಿ ತಂದು ಪೇಟೆಯಲ್ಲಿ ಮಾರುವವಳು. ಸದಸ್ಯರಾಗಲು ಸರ್ಕಾರಿ ನೌಕರರೋ ಮನೆ ಕಂದಾಯ ಕಟ್ಟುವವರೋ ಜಾಮೀನು ಸಹಿ ಹಾಕಬೇಕು. ಅವಳ ಕೇರಿಯಲ್ಲಿ ಎಲ್ಲರೂ ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿ ಕೂಲಿಗೆ ಹೋಗುವವರು. ಅವರಿಗೆ ಸಹಿ ಹಾಕುವ ಪುಣ್ಯಾತ್ಮ ಯಾರು? ನಾಗಮ್ಮನಿಗೆ ಮಾತ್ರ ಅವಳಿಂದ ಬಾಳೆಎಲೆ ಕೊಳ್ಳುತ್ತಿದ್ದ ಖಾನಾವಳಿಯ ಮಾಲಕ ಸಹಿ ಹಾಕಿದ್ದ.

ಮೊದಲ ದಿನವೇ ನಾಗಮ್ಮ ಮೇಜಿನ ಮೇಲೆ ಖಾಲಿ ಬುಟ್ಟಿ ಇಟ್ಟು ಹೇಳಿದ್ದಳು:

“ಅಕ್ಕೋರೆ, ನಂಗೆ ಓದೂಕೆ ಬರೂದಿಲ್ಲ. ನನ್ನ ಮಗಳು ದುರ್ಗಿಗೆ ಬತ್ತದೆ, ಕೇರಿಲಿ ಇನ್ನೂ ಸುಮಾರು ಜನಕ್ಕೆ ಬತ್ತದೆ. ಬುಟ್ಟಿ ಹೆಂಗೂ ಖಾಲಿ ಹೋಗ್ತದೆ. ಎಂತಾದ್ರೂ ತುಂಬಿ ಕೊಡಿ.”

ಒಂದು ಕಾರ್ಡಿಗೆ ಎರಡೇ ಪುಸ್ತಕ ಎಂಬುದು ನಿಯಮ. ಸುಗಂಧಾ ಬುಟ್ಟಿಯನ್ನು ನೋಡಿದಳು, ನಿಯಮವನ್ನು ನೆನೆದಳು, ಬುಟ್ಟಿ ತುಂಬಿದಳು. ಎಲ್ಲವನ್ನೂ ನಾಗಮ್ಮನ ಹೆಸರಿಗೇ ಬರೆದುಕೊಂಡಳು. ಹಾಗೆ ಪ್ರತಿ ಸಂತೆಗೂ ಪುಸ್ತಕಗಳು ಹೋದವು, ಹರಿವೆ ಸೊಪ್ಪಿನ ವಾಸನೆ ಹೊತ್ತು ಮರಳಿದವು. ಕೆಲವಕ್ಕೆ ಅರಿಶಿನದ ಕಲೆ ಅಂಟಿರುತ್ತಿತ್ತು, ಕಳೆದದ್ದು ಮಾತ್ರ ಒಂದೂ ಇಲ್ಲ. ಸಂಜೆ ಎಲೆ ಕಟ್ಟುವ ಹೆಂಗಸರ ನಡುವೆ ಕೂತು ದುರ್ಗಿ ದೊಡ್ಡದಾಗಿ ಓದುತ್ತಾಳಂತೆ, ಮುಗಿದ ಪುಸ್ತಕ ಬಸ್‌ಸ್ಟಾಪಿನ ಚಹದ ಅಂಗಡಿಯ ಬೆಂಚಿಗೆ ಬರುತ್ತದಂತೆ, ಬೇಕಾದವರು ಒಯ್ಯುತ್ತಾರಂತೆ. ಯಾರು ಎಷ್ಟು ಓದಿದರೆಂದು ನಾಗಮ್ಮನಿಗೂ ಗೊತ್ತಿರಲಿಲ್ಲ.

ಇಂಥ ಸಮಯದಲ್ಲಿ ಮೇಲಿನ ಕಚೇರಿಗೆ ಒಂದು ಆಲೋಚನೆ ಬಂತು. ಹಳ್ಳಿಗಳ ಕಡೆ ಹೊಸ ಪುಸ್ತಕ ಕೇಂದ್ರ ತೆರೆಯಬೇಕು, ಆದರೆ ಎಲ್ಲಿ? ಹಿಲ್ಲೂರಿನವರು ನಮಗೆ ಬೇಕೆಂದರು, ಇನ್ನೊಂದೆಡೆಯವರು ನಮಗೆಂದರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುವ ಹರಿಶ್ಚಂದ್ರ ಎಂಬವರು, ಯಾವ ಊರಿನವರು ಎಷ್ಟು ಪುಸ್ತಕ ಒಯ್ಯುತ್ತಾರೆ ಎಂದು ಲೆಕ್ಕ ಹಾಕಿಯೇ ಹೇಳೋಣ ಎಂದರು. ಅವರ ಬಳಿ ಅಂಕಿಅಂಶ ವಿಶ್ಲೇಷಣೆಯ ಒಂದು ಪ್ರೋಗ್ರಾಮು ಫ್ಲಾಪಿಗಳಲ್ಲಿತ್ತು. ಗ್ರಂಥಾಲಯದ ವಿವರಗಳನ್ನು ತುಂಬಲು ಒಬ್ಬರು ಬೇಕಿತ್ತು. ಕಾರವಾರದಲ್ಲಿ ಮನೆ ಇದ್ದದ್ದು ಸುಗಂಧಾಳಿಗೆ, ಹಾಗಾಗಿ ಅವಳ ಹೆಸರೇ ಬಂತು.

ಹೆದರಿಕೊಂಡು ಹೋದವಳಿಗೆ ಆ ಕೆಲಸ ಬಲು ರುಚಿಸಿತು. ಊರಿಗೊಂದು ಸಂಖ್ಯೆ, ಓದುಗನಿಗೊಂದು ಸಂಖ್ಯೆ, ಕಾದಂಬರಿಗೊಂದು, ಮಕ್ಕಳ ಪುಸ್ತಕಕ್ಕೊಂದು. ಎಲ್ಲವನ್ನೂ ಸಾಲಾಗಿ ತುಂಬಿ, ಎಂತ ಬೇಕೆಂದು ಇಂಗ್ಲಿಷಿನಲ್ಲಿ ಒಂದು ಸಾಲು ಆಜ್ಞೆ ಬರೆದು, ಕೊನೆಗೊಂದು ಚುಕ್ಕೆ ಇಟ್ಟರೆ ಸಾಕು. ತಿಂಗಳುಗಟ್ಟಲೆ ಕೂತರೂ ಮುಗಿಯದ ಲೆಕ್ಕ ಪರದೆಯ ಮೇಲೆ ಬಂದು ನಿಲ್ಲುತ್ತಿತ್ತು. ಚುಕ್ಕೆ ಮರೆತರೆ ಯಂತ್ರ ಮಾತಿಲ್ಲದೆ ಕಾಯುತ್ತ ಕೂರುತ್ತಿತ್ತು. ಮಳೆಗಾಲದಲ್ಲಿ ಕಡಲ ಬದಿಯ ಊರಿನವರು ಹೆಚ್ಚು ಓದುತ್ತಾರೆ, ಏಕೆಂದರೆ ದೋಣಿ ಕಡಲಿಗಿಳಿಯುವುದಿಲ್ಲ. ಅವಳಿಗೆ ಯಾವತ್ತೂ ಗೊತ್ತಿದ್ದದ್ದೇ ಅದು. ಆದರೂ ಯಂತ್ರದ ಬಾಯಲ್ಲಿ ಕೇಳಿದಾಗ ಆದ ಖುಷಿಯೇ ಬೇರೆ.

ಊರುವಾರು ಲೆಕ್ಕ ಬಂದ ದಿನ ಹರಿಶ್ಚಂದ್ರರು ಪರದೆಗೆ ಬೆರಳಿಟ್ಟರು.

“ಸುಗಂಧಾ ಬಾಯಿ, ಇದೆಂತದು? ರಾಮನಗುಳಿ ಎಲ್ಲರಿಗಿಂತ ಮೇಲೆ! ಅದೂ ಒಬ್ರೇ ಓದುಗರು. ನಿಮ್ಮಲ್ಲಿ ಕಾರ್ಡಿಗೆ ಎರಡೇ ಪುಸ್ತಕ ಅಲ್ವಾ?”

“ಹೌದು ಸರ್.”

“ಹಂಗಾದ್ರೆ ಟೈಪ್ ಮಾಡುವಾಗ ಎಲ್ಲೋ ತಪ್ಪಿದ್ದು. ಬೇರೆಯವರ ಪುಸ್ತಕ ಎಲ್ಲಾ ಆ ನಂಬರಿಗೇ ಹೋಗಿ ಬಿದ್ದದೆ. ಆ ನಂಬರು ಬಿಟ್ಟು ಲೆಕ್ಕ ತೆಗೀರಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸುಗಂಧಾಳ ಕೈ ತಾನಾಗಿ ಕೊರಳ ಸರಕ್ಕೆ ಹೋಯಿತು. ತಪ್ಪು ಟೈಪಿನದಲ್ಲ ಎಂದು ಹೇಳಬೇಕು. ಹೇಳಿದರೆ ನಿಯಮ ಮುರಿದದ್ದು ಹೊರಬೀಳುತ್ತದೆ. ಶಾಖೆಯ ಹಿರಿಯರು ಆ ವರ್ಷ ನಿವೃತ್ತರಾಗುವವರಿದ್ದರು. ಆ ಕುರ್ಚಿ ಇನ್ನು ನಿನ್ನದೇ ಎಂದು ಎಲ್ಲರೂ ಹೇಳುತ್ತಿದ್ದರು, ಅವಳಿಗೂ ಆಸೆ ಇತ್ತು. ಯಾಕಿರಬಾರದು? ಮೂಟೆ ಹೊತ್ತವನ ಮಗಳು ಶಾಖೆಯ ಮುಖ್ಯಸ್ಥೆಯಾಗುವುದು ಬೈತಖೋಲದಲ್ಲಿ ದಿನಾ ನಡೆಯುವ ಸಂಗತಿಯಲ್ಲ. ಅತ್ತ ದರಿ, ಇತ್ತ ಪುಲಿ.

ಆಜ್ಞೆಯ ಸಾಲು ಬರೆದಳು. ಚುಕ್ಕೆ ಇಡದೆ ಕೂತಳು. ಯಂತ್ರವೂ ಕಾಯುತ್ತ ಕೂತಿತು.

“ಚುಕ್ಕೆ ಮರ್ತ್ರಿ,” ಎಂದರು ಹರಿಶ್ಚಂದ್ರರು, ಒಳ್ಳೆಯ ಮನಸ್ಸಿನಿಂದಲೇ.

ಅವಳು ಚುಕ್ಕೆ ಇಟ್ಟಳು. ಎಲ್ಲಕ್ಕಿಂತ ಮೇಲಿದ್ದ ರಾಮನಗುಳಿಯ ಮುಂದೆ ಈಗ ಸೊನ್ನೆ ಇತ್ತು. ದುರ್ಗಿಯೂ ಇಲ್ಲ, ಎಲೆ ಕಟ್ಟುವ ಹೆಂಗಸರೂ ಇಲ್ಲ, ಚಹದ ಅಂಗಡಿಯ ಬೆಂಚೂ ಇಲ್ಲ. ತನ್ನ ಕೈಯಿಂದಲೇ ಒಂದು ಕೇರಿಯನ್ನು ಅಳಿಸಿದಂತಾಗಿ ಸುಗಂಧಾಳಿಗೆ ನಾಚಿಕೆಯಾಯಿತು. ಪ್ರಿಂಟರು ಕಿರ್ರೆಂದು ಆ ಸೊನ್ನೆಯನ್ನು ಕಾಗದಕ್ಕೆ ಇಳಿಸುವಾಗ ಅವಳು ಕಿಟಕಿಯ ಕಡೆ ತಿರುಗಿ ನಿಂತಳು.

ಸಂಜೆ ಮನೆಯಲ್ಲಿ ಊಟ ಸೇರಲಿಲ್ಲ. ಗಂಗೂ ಬಿಡುವವಳಲ್ಲ, ಕೆದಕಿ ಕೆದಕಿ ಎಲ್ಲ ಹೊರಗೆ ತೆಗೆದಳು. ಆ ಮನೆಯಲ್ಲಿ ಮಾತೆಲ್ಲ ಕೊಂಕಣಿ. ಕನ್ನಡದಲ್ಲಿ ಹೇಳುವುದಾದರೆ ಅವಳು ಅಂದದ್ದು ಇಷ್ಟು:

“ಹರಾಜಲ್ಲಿ ನನ್ನ ಹೆಸ್ರು ಕೂಗ್ತಾರೆ. ಹಂಗಂತ ಬುಟ್ಟಿ ಮೀನೆಲ್ಲ ನಾನೊಬ್ಳೇ ತಿಂತೇನಾ? ಹಿಂದೆ ನಿಂತವ್ರ ಹೊಟ್ಟೆ ನನ್ನ ಬಾಯಿ ಮೇಲೆ ಅದೆ. ನಾನು ಹೆದ್ರಿ ಬಾಯಿ ಮುಚ್ಚಿದ್ರೆ ಅವ್ರು ಬರಿ ಬುಟ್ಟಿ ಹಿಡ್ಕೊಂಡು ಮನೆಗೆ ಹೋಗ್ಬೇಕು.”

“ಆಯಿ, ನಿಂಗೆ ನೌಕರಿ ಅಂದ್ರೆ ಗೊತ್ತಿಲ್ಲ.”

“ಗೊತ್ತಿಲ್ಲ. ನಿಂಗೆ ಗೊತ್ತದೆ ಅಲ್ಲಾ? ಹಂಗಾದ್ರೆ ಅನ್ನ ಯಾಕೆ ಇಳೀತಿಲ್ಲ?”

ಮರುದಿನ ಸುಗಂಧಾ ರಜೆ ಹಾಕಿ ಕಾಲೇಜಿಗೆ ಹೋದಳು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೂರದೆಯೇ, ಬುಟ್ಟಿಯ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಹರಿಶ್ಚಂದ್ರರು ಕನ್ನಡಕ ತೆಗೆದು ಒರೆಸಿದರು. ಸಿಟ್ಟು ಬರಲಿಲ್ಲ ಅವರಿಗೆ. ನಿನ್ನೆ ತಾವೇ ಅವಸರ ಮಾಡಿದೆವಲ್ಲ ಎಂದು ಅನ್ನಿಸಿರಬೇಕು. ನಾಗಮ್ಮನನ್ನು ಸೇರಿಸಿ ಒಂದು, ಬಿಟ್ಟು ಒಂದು, ಎರಡು ಲೆಕ್ಕ ತೆಗೆಸಿ ಪಕ್ಕಪಕ್ಕ ಇಟ್ಟರು.

“ಯಂತ್ರ ಎರಡನ್ನೂ ಸರಿಯಾಗೇ ಹೇಳ್ತದೆ. ಯಾವ್ದು ಖರೆ ಅಂತ ಹೇಳೂದು ಅದ್ರ ಕೆಲ್ಸ ಅಲ್ಲ. ಸೇರಿಸಿದ ಲೆಕ್ಕ ಕಳ್ಸೂದಾದ್ರೆ ಒಬ್ರ ಹೆಸರಲ್ಲಿ ಇಷ್ಟು ಯಾಕೆ ಅಂತ ಕಾರಣ ಬರೀಬೇಕು. ಬರೆದ್ರೆ ನಿಮ್ಮ ಹೆಸ್ರು ಬತ್ತದೆ, ಸುಗಂಧಾ ಬಾಯಿ.”

“ನನ್ನ ಹೆಸ್ರು ಬಿಟ್ಟು ಬರೆದ್ರೆ?”

“ಮತ್ತೆ ಯಾರಂತ ಬರಿಯೂದು? ಯಾರೋ ಒಬ್ರು ಅಂದ್ರೆ ಅದು ಟೈಪಿನ ತಪ್ಪು ಅಂತ್ಲೇ ತಿಳೀತಾರೆ.”

ಅವಳು ಕಾಗದ ಎಳೆದುಕೊಂಡು ತಾನೇ ಬರೆದಳು. ಕೊನೆಗೆ ತನ್ನ ಹೆಸರನ್ನೂ ಪೂರ್ತಿ ಬರೆದಳು.

ಸತ್ಯ ಹೇಳಿದವರಿಗೆ ಹಾರ ಹಾಕುವುದು ಕತೆಗಳಲ್ಲಿ. ಅವಳಿಗೆ ಬಂದದ್ದು ಮೆಮೊ. ನಿವೃತ್ತರಾದ ಹಿರಿಯರ ಕುರ್ಚಿಗೆ ಬೇರೆ ಊರಿನವರೊಬ್ಬರು ಬಂದು ಕೂತರು. ಅಷ್ಟಾದರೂ ಕೇಂದ್ರ ಸಿಕ್ಕಿತೇ ಎಂದರೆ ಅದೂ ಇಲ್ಲ. ಒಬ್ಬ ಸದಸ್ಯೆಗಾಗಿ ಕೇಂದ್ರ ತೆರೆಯಲು ಬರುವುದಿಲ್ಲ, ಆ ಕೇರಿಯಿಂದ ಸಾಕಷ್ಟು ಸದಸ್ಯರಾದರೆ ಮುಂದೆ ನೋಡೋಣ ಎಂದು ಕಚೇರಿ ಬರೆಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಜೊತೆಗೆ, ನಾಗಮ್ಮನಿಗೆ ಇನ್ನು ಎರಡೇ ಪುಸ್ತಕ ಎಂಬ ತಾಕೀತು.

ಸಂತೆಯ ದಿನ ನಾಗಮ್ಮ ಬಂದಳು. ಬುಟ್ಟಿಯ ತಳದಲ್ಲಿ ಬಿದ್ದ ಎರಡು ಪುಸ್ತಕಗಳನ್ನು ನೋಡಿದಳು.

“ನನ್ನ ದೆಸೆಯಿಂದ ನಿಮ್ಗೆ ತ್ರಾಸಾಯ್ತಾ ಅಕ್ಕೋರೆ?”

“ತ್ರಾಸು ಎಂತದಿಲ್ಲ. ನಿಮ್ಮ ಕೇರಿಯವ್ರೆಲ್ಲ ಮೆಂಬರ್ ಆಗ್ಬೇಕು, ನಾಗಮ್ಮ. ಆದ್ರೆ ಮಾತ್ರ ಕೇಂದ್ರ ಕೊಡ್ತಾರಂತೆ.”

“ಆಗೂಕೆ ಯಾರು ಬೇಡ ಅಂತಾರೆ? ನಮ್ಗೆ ಸಹಿ ಹಾಕೋರು ಯಾರು? ನಾವು ಕೂತ ಜಾಗವೇ ನಮ್ಮದಲ್ಲ.”

ಸುಗಂಧಾಳಿಗೆ ಸಿಟ್ಟು ಬಂತು. ಹತ್ತು ವರ್ಷ ದುಡಿದು ತನಗೆ ಉಳಿದದ್ದು ಎಂತ ಎಂದು ಯೋಚಿಸುತ್ತಿದ್ದಳು. ಕುರ್ಚಿಯಂತೂ ಹೋಯಿತು. ಉಳಿದದ್ದು ಸರ್ಕಾರಿ ನೌಕರಿಯ ಒಂದು ಸಹಿ.

“ನಾನು ಹಾಕ್ತೆ,” ಎಂದಳು.

“ಎಲ್ಲಾರಿಗೂ?”

“ಎಲ್ಲಾರಿಗೂ. ಬರೂಕೆ ಹೇಳಿ.”

ಬಂದರು. ಕೆಲಸ ಬಿಟ್ಟು ಒಂದೇ ದಿನ ಎಲ್ಲರೂ ಬರುವಂತಿಲ್ಲ, ಹಾಗಾಗಿ ಸಂತೆ ಸಂತೆಗೂ ನಾಗಮ್ಮನ ಹಿಂದೆ ಇಬ್ಬರು ಮೂವರು. ದುರ್ಗಿ ಬಂದಳು, ಕಲ್ಲು ಒಡೆಯುವ ಹುಲಿಯಾ ಬಂದ, ಕೈಗೂಸಿನೊಂದಿಗೆ ದೇವಿ ಬಂದಳು. ಒಬ್ಬರು ಎಷ್ಟು ಜನರಿಗೆ ಜಾಮೀನು ನಿಲ್ಲಬಹುದೆಂದು ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಇಂಥ ಹುಚ್ಚರೂ ಇರುತ್ತಾರೆಂದು ನಿಯಮ ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ. “ಪುಸ್ತಕ ಹೋದ್ರೆ ನಿಮ್ಮ ತಲೆಗೇ ಬತ್ತದೆ, ನೋಡ್ಕೊಳ್ಳಿ,” ಎಂದು ಹೊಸ ಮುಖ್ಯಸ್ಥರು ಎಚ್ಚರಿಸಿದರು. ಊರ ಉಸಾಬರಿ ಎಂದು ಉಳಿದವರು ನಕ್ಕರು. ಅವಳು ಸಹಿ ಹಾಕುತ್ತ ಹೋದಳು. ಕೆಲವು ರಾತ್ರಿ ಹೆದರಿಕೆಯೂ ಆಗುತ್ತಿತ್ತು, ಸುಳ್ಳೇಕೆ.

ಒಂದೆರಡು ಮಳೆಗಾಲ ಕಳೆದ ಮೇಲೆ ರಾಮನಗುಳಿ ಕಡೆ ಒಂದು ಚಿಕ್ಕ ಕೋಣೆಯಲ್ಲಿ ಪುಸ್ತಕ ಕೇಂದ್ರ ತೆರೆಯಿತು. ಉದ್ಘಾಟನೆಯ ಭಾಷಣದಲ್ಲಿ ಸುಗಂಧಾಳ ಹೆಸರು ಬರಲಿಲ್ಲ. ನಾಗಮ್ಮ ಮಾತ್ರ ಮರುಸಂತೆಗೆ ಒಂದು ಕಟ್ಟು ಬಸಳೆ ತಂದು ಮೇಜಿನ ಮೇಲಿಟ್ಟು, “ಇನ್ನು ಬುಟ್ಟಿ ಹಗೂರ, ಅಕ್ಕೋರೆ,” ಎಂದಳು. ಆಮೇಲೆ ಅವಳು ಗ್ರಂಥಾಲಯಕ್ಕೆ ಬರುವುದೇ ಕಡಿಮೆಯಾಯಿತು. ಅದು ಸರಿಯಾದದ್ದೇ, ಆದರೂ ಸಂತೆಯ ದಿನ ಸುಗಂಧಾಳ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು.

೧೯೯೮ರಲ್ಲಿ ಎರಡನೆಯ ಸಮೀಕ್ಷೆ ನಡೆಯಿತು. ಹರಿಶ್ಚಂದ್ರರು ಊರು ಬಿಟ್ಟಿದ್ದರು. ಕಂಪ್ಯೂಟರು ಅಂಕೋಲೆಯ ಶಾಖೆಗೇ ಬಂದಿತ್ತು. ಹೊಸ ಪ್ರೋಗ್ರಾಮಿನಲ್ಲಿ ಆಜ್ಞೆ ಬರೆಯುವುದೂ ಬೇಡ, ಚುಕ್ಕೆ ಇಡುವುದೂ ಬೇಡ, ಮೌಸು ಒತ್ತಿದರಾಯಿತು. ತರಬೇತಿಗೆ ಬಂದಿದ್ದ ವಿನುತಾ ಎಂಬ ಹುಡುಗಿ ಸದಸ್ಯತ್ವದ ಅರ್ಜಿಗಳ ವಿವರ ತುಂಬಿ ಮುಗಿಸಿದ್ದಳು. ಇನ್ನೂ ಸಹಾಯಕಿಯ ಕುರ್ಚಿಯಲ್ಲೇ ಇದ್ದ ಸುಗಂಧಾ ಅವಳ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು.

“ಸುಗಂಧಕ್ಕ, ಇಲ್ಲೆಂತದೋ ತಪ್ಪಾದಂಗೆ ಕಾಣ್ತದೆ,” ಎಂದಳು ವಿನುತಾ. “ಈ ರಾಮನಗುಳಿ ಕಡೆಯವ್ರಿಗೆಲ್ಲ ಜಾಮೀನುದಾರರು ಒಂದೇ ನಂಬರು. ಒಬ್ರು ಇಷ್ಟು ಜನಕ್ಕೆ ಹೆಂಗೆ ಜಾಮೀನು ನಿಲ್ತಾರೆ? ಟೈಪ್ ಮಾಡುವಾಗ ನಂದೇ ಕೈ ತಪ್ಪಿರ್ಬೇಕು. ಆ ನಂಬರು ತೆಗ್ದುಬಿಡ್ಲಾ?”

ಸುಗಂಧಾ ಬಗ್ಗಿ, ಮೌಸಿನ ಮೇಲಿದ್ದ ಹುಡುಗಿಯ ಕೈಯನ್ನು ಮೆಲ್ಲಗೆ ಹಿಡಿದಳು.

“ತೆಗೀಬೇಡ. ಅದು ತಪ್ಪಲ್ಲ ವಿನುತಾ, ನಾನು.”