ತುದಿಗೆ ಇನ್ನು ಹತ್ತೇ ನಿಮಿಷ

ನಾನು ಚಿಕ್ಕವಳಿದ್ದಾಗ ಒಂದು ಚಳಿಗಾಲವಿಡೀ ನಮ್ಮ ಶಾಲೆ ಮನೆಯೊಳಗೇ ನಡೆಯಿತು. ಊರೆಲ್ಲ ಕಾಯಿಲೆ ಹರಡಿದ್ದರಿಂದ ಯಾರೂ ಯಾರ ಮನೆಗೂ ಹೋಗುತ್ತಿರಲಿಲ್ಲ. ಕ್ಯಾರಿ ಎಂಬ ಊರಿನ ನಮ್ಮ ಮನೆಯಲ್ಲಿ ಊಟದ ಮೇಜಿನ ಈ ಕಡೆ ನಾನು, ಆ ಕಡೆ ಅಕ್ಕ, ಲ್ಯಾಪ್‌ಟಾಪ್ ಮುಂದೆ ಕೂತು ಕೂತು ಬೇಸತ್ತಿದ್ದೆವು. ಅದಕ್ಕೇ ಒಂದು ಶನಿವಾರ ಅಪ್ಪ ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಪಶ್ಚಿಮದ ಬೆಟ್ಟಗಳ ಕಡೆ ಹೊರಟರು. ನನಗಾಗ ಎಂಟು ವರ್ಷ, ಅಕ್ಕನಿಗೆ ಹದಿಮೂರು.

ಕಾರು ನಿಲ್ಲಿಸಿದಲ್ಲಿ ಒಳ್ಳೆಯ ಬಿಸಿಲಿತ್ತು. ಅಕ್ಕ ದಪ್ಪ ಜಾಕೆಟ್ಟನ್ನು ಸೀಟಿನಲ್ಲೇ ಬಿಟ್ಟು ಹತ್ತಿಯ ಸ್ವೆಟ್‌ಶರ್ಟಿನಲ್ಲಿ ಇಳಿದಳು. ಅಪ್ಪ ಕೇಳಿದ್ದಕ್ಕೆ, ನಡೆದರೆ ಸೆಕೆಯಾಗುತ್ತದೆ ಎಂದಳು. ಅಪ್ಪನೂ ಒತ್ತಾಯಿಸಲಿಲ್ಲ.

ಎಲೆ ಉದುರಿದ ಓಕ್ ಮರಗಳ ನಡುವೆ ದಾರಿ ಏರುತ್ತಿತ್ತು. ಒಣಗಿದ ಎಲೆಗಳು ಕಾಲಡಿಯಲ್ಲಿ ಚರಚರ ಎನ್ನುತ್ತಿದ್ದವು. ಬಂಡೆಯಿಂದ ಜಿನುಗಿದ ನೀರು ಹೆಪ್ಪುಗಟ್ಟಿ ಗಾಜಿನ ಕಡ್ಡಿಗಳಂತೆ ಜೋತುಬಿದ್ದಿತ್ತು. ಅರ್ಧ ದಾರಿ ಕಳೆಯುವಷ್ಟರಲ್ಲಿ ಮೋಡ ಕವಿದು ಸಣ್ಣ ಮಳೆ ಶುರುವಾಯಿತು. ಅದರ ಜೊತೆ ಮಂಜಿನ ಹರಳುಗಳೂ ಮುಖಕ್ಕೆ ಚುಚ್ಚುತ್ತಿದ್ದವು. ಅಪ್ಪ ಕೋಲೂರಿ, ಜಾರುವ ಜಾಗ ನೋಡಿಕೊಂಡು ಮುಂದೆ ನಡೆಯುತ್ತಿದ್ದರು. ಚಳಿಯಾಗುತ್ತಿದೆಯಾ ಎಂದು ಕೇಳಿದಾಗಲೆಲ್ಲ ಅಕ್ಕ ಇಲ್ಲ ಎನ್ನುತ್ತಿದ್ದಳು. ತುದಿಯ ಬಂಡೆ ಮರಗಳ ಸಂದಿಯಲ್ಲಿ ಕಾಣತೊಡಗಿತ್ತು.

ಅಕ್ಕನ ಬಾಯಿ ಎಂದೂ ಸುಮ್ಮನಿರುತ್ತಿರಲಿಲ್ಲ. ಅವಳು ತಾನಾಗಿ ಮಾತಾಡಿ ಬಹಳ ಹೊತ್ತಾಯಿತು ಎಂದು ಆಗ ನನಗೆ ಹೊಳೆಯಿತು. ಕಡಲೆಕಾಯಿ ಚಿಕ್ಕಿಯ ಪೊಟ್ಟಣ ಕೊಟ್ಟೆ. ಹರಿಯಲು ಅವಳ ಬೆರಳಿಗೆ ಆಗಲಿಲ್ಲ, ಪೊಟ್ಟಣ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ತೂರಾಡಿದಳು.

"ಅಪ್ಪಂಗೆ ಹೇಳ್ಬೇಡ. ಟೆನ್ ಮಿನಿಟ್ಸ್ ಅಷ್ಟೇ," ಎಂದಳು. ನಾಲಿಗೆ ತೊದಲುತ್ತಿತ್ತು, ತುಟಿ ನೀಲಿಯಾಗಿತ್ತು.

ಹೇಳಿದರೆ ವಾರಗಟ್ಟಲೆ ನನ್ನ ಜೊತೆ ಮಾತು ಬಿಡುತ್ತಾಳೆಂದು ಗೊತ್ತಿತ್ತು. ಆ ಚಳಿಗಾಲದಲ್ಲಿ ಆಡಲು ನನಗಿದ್ದವಳು ಅವಳೊಬ್ಬಳೇ. ಆದರೂ ಕೂಗಿ ಅಪ್ಪನನ್ನು ನಿಲ್ಲಿಸಿದೆ.

ಅಪ್ಪ ಬಂದು ಅವಳ ಕೈ ಮುಟ್ಟಿ ನೋಡಿದರು. ತುದಿಯ ಕಡೆ ಮತ್ತೆ ತಿರುಗಲೂ ಇಲ್ಲ.

"ಇಲ್ಲಿಂದ ವಾಪಸ್. ಜಾಕೆಟ್ ಇಲ್ದೆ ಕರ್ಕೊಂಡ್ ಬಂದಿದ್ದು ನನ್ ತಪ್ಪು," ಎಂದರು.

ಬಂಡೆಯ ಮರೆಯಲ್ಲಿ ಒದ್ದೆ ಬಟ್ಟೆ ಬಿಚ್ಚಿಸಿ, ತಮ್ಮ ಚೀಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಉಣ್ಣೆಯ ಸ್ವೆಟರ್ ಮತ್ತು ಟೋಪಿ ಹಾಕಿಸಿದರು. ಮೇಲೆ ತಮ್ಮ ರೈನ್‌ಕೋಟ್ ಹೊದಿಸಿದರು. ಫ್ಲಾಸ್ಕಿನ ಬಾದಾಮಿ ಹಾಲಿನಿಂದ ಏಲಕ್ಕಿಯ ಘಮ ಎದ್ದಿತು. ಅಪ್ಪ ಗುಟುಕು ಗುಟುಕಾಗಿ ಕುಡಿಸಿದರು, ನಾನು ಚಿಕ್ಕಿ ಮುರಿದು ಬಾಯಿಗಿಟ್ಟೆ. ಆಮೇಲೆ ಅವಳನ್ನು ನಡುವೆ ನಡೆಸಿಕೊಂಡು, ಎಲ್ಲೂ ಕೂರದೆ, ಆತುರವನ್ನೂ ಪಡದೆ ಕೆಳಗಿಳಿದೆವು.

ಕಾರು ಕಾಣುವ ಹೊತ್ತಿಗೆ ಅಕ್ಕನ ಮಾತು ಸರಿಹೋಗಿತ್ತು. ಮೊದಲು ಬಂದದ್ದು ನನ್ನ ಮೇಲಿನ ಬೈಗುಳ. ಕಾರಿನಲ್ಲಿ ಬಹಳ ದೂರ ಮುಖ ತಿರುಗಿಸಿ ಕೂತಿದ್ದವಳು, ಮನೆ ಹತ್ತಿರವಾದಾಗ ಮೆಲ್ಲಗೆ, "ಆಮೇಲಾಮೇಲೆ ನಂಗೆ ಚಳಿನೇ ಗೊತ್ತಾಗ್ತಿರ್ಲಿಲ್ಲ ಕಣೇ," ಎಂದು ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು.

ಮಕ್ಕಳೇ, ಆ ಕಾಲದಲ್ಲಿ ಬೆಟ್ಟ ಹತ್ತಿದರೆ ನಮ್ಮ ಫೋನುಗಳು ಸಿಗ್ನಲ್ ಇಲ್ಲದೆ ಮೂಕವಾಗುತ್ತಿದ್ದವು. ನಿಮಗೆ ಗುಂಡಿ ಒತ್ತಿದರೆ ಬೆಚ್ಚಗಾಗುವ ಕೋಟುಗಳಿವೆ, ಮೋಡ ಎಲ್ಲಿದೆಯೆಂದು ಕೈಗಡಿಯಾರವೇ ಹೇಳುತ್ತದೆ. ಆದರೂ ಮೊನ್ನೆ ಭಾನುವಾರ ನೀವು ಮೂವರೂ ಬೆಟ್ಟದ ಅರ್ಧ ದಾರಿಯಿಂದಲೇ ತಿರುಗಿ, ಮುಖ ಊದಿಸಿಕೊಂಡು ಬಂದಿರಿ. ನಿಮ್ಮಲ್ಲಿ ಚಿಕ್ಕವನಾದ ಪುಟ್ಟನ ಕೈಗವಸು ಒದ್ದೆಯಾಗಿತ್ತಂತೆ, ಅವನು ಆಟ ನಿಲ್ಲಿಸಿ ಮಂಕಾಗಿದ್ದನಂತೆ. ನಾನು ಒಲೆಯ ಮೇಲೆ ಕಾವಲಿ ಇಟ್ಟೆ. ಅಷ್ಟು ಖುಷಿಯಿಂದ ದೋಸೆ ಹೊಯ್ದು ಎಷ್ಟೋ ವರ್ಷಗಳಾಗಿದ್ದವು.