ಎತ್ತು ಮೊಟ್ಟೆ ತಿಂದಿರಲಿಲ್ಲ

ಹೋದ ಭಾನುವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ನಮ್ಮ ಹಟ್ಟಿಯ ದೇವರ ಎತ್ತು ಕುಸಿದು ಕೂತಿತು. ಹನ್ನೊಂದು ಇಪ್ಪತ್ತಕ್ಕೆ ತಪ್ಪು ಮಾಡಿದವರ ಹುಡುಕಾಟ ಶುರುವಾಯಿತು. ಪಶುವೈದ್ಯರಿಗೆ ಫೋನ್ ಹೋಗಿದ್ದು ಹನ್ನೊಂದು ಮೂವತ್ತೈದಕ್ಕೆ.

(ಹೌದು, ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ. ನನ್ನ ಡೈರಿಯ ಚಟ ನಿಮಗೆ ಹೊಸದಲ್ಲ.)

ತಪ್ಪು ಮಾಡಿದವಳು ನಾನೇ. ಅದು ನನಗೆ ಹನ್ನೊಂದು ಇಪ್ಪತ್ತೊಂದಕ್ಕೇ ಗೊತ್ತಿತ್ತು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನು ಪಾಠ ಮಾಡುವುದು ಚಳ್ಳಕೆರೆಯಲ್ಲಿ, ಊರು ಮೊಳಕಾಲ್ಮೂರು ಕಡೆಯ ಒಂದು ಹಟ್ಟಿ. ಅಲ್ಲಿ ಮುಳ್ಳುಬೇಲಿಯ ರೊಪ್ಪದೊಳಗೆ ದೇವರಿಗೆ ಬಿಟ್ಟ ದನಗಳಿವೆ. ಅವಕ್ಕೆ ನೊಗವಿಲ್ಲ, ಮೂಗುದಾರವಿಲ್ಲ. ಅವುಗಳ ಮೈಗೆ ಕಬ್ಬಿಣ ತಾಗುವಂತಿಲ್ಲ. ಅವನ್ನು ಕಾಯುವವನು ಕಿಲಾರಿ. ಮೂವತ್ತೊಂದು ವರ್ಷದಿಂದ ಕಿಲಾರಿಯಾಗಿರುವುದು ನನ್ನ ದೊಡ್ಡಪ್ಪ ಬೋರಯ್ಯ. ಅಷ್ಟೂ ವರ್ಷ ಕೈಯಲ್ಲಿ ಕಿಲಾರಿಯ ಕೋಲು, ಬರಿಗಾಲು.

‘ನೀವು ನನ್ನ ಎತ್ತು ಕಾಯಿರಿ, ನಾನು ನಿಮ್ಮನ್ನು ಕಾಯುತ್ತೇನೆ’ ಎಂದು ದೇವರು ನಮ್ಮ ಹಿರಿಯನಿಗೆ ಮಾತು ಕೊಟ್ಟನಂತೆ. ನಮ್ಮ ಕಡೆಯಿಂದ ಒಂದಿಷ್ಟು ಕಟ್ಟುಪಾಡು. ಅದರಲ್ಲಿ ಮುಖ್ಯವಾದದ್ದು ಕೋಳಿ ಮುಟ್ಟಬಾರದು, ಮೊಟ್ಟೆ ತಿನ್ನಬಾರದು ಎಂಬುದು. (ಕುರಿ ನಡೆಯುತ್ತದೆ. ಯಾಕೆ ಎಂದು ಕೇಳಿ ಒಮ್ಮೆ ಬೈಸಿಕೊಂಡಿದ್ದೇನೆ.)

ಈಗ ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ಬನ್ನಿ. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಮೊಟ್ಟೆಯ ದಿನ ನನ್ನ ಸರದಿ ಬಂದರೆ? ಇನ್ನೊಬ್ಬರಿಗೆ ದಾಟಿಸಬಹುದಿತ್ತು. ಮೊದಮೊದಲು ದಾಟಿಸಿದೆ. ಆಮೇಲೊಂದು ದಿನ, ನಾನು ಬಾಯಿಗಿಡದ್ದನ್ನು ನೂರು ಮಕ್ಕಳ ತಟ್ಟೆಗೆ ಹೇಗೆ ಹಾಕಲಿ ಅನ್ನಿಸಿತು. ತಿಂದೆ. ಡೈರಿಯಲ್ಲಿ ತಾರೀಖು ಬರೆದು ಒಂದು ಗೆರೆ ಎಳೆದೆ. ಹೋದ ಭಾನುವಾರದ ಹೊತ್ತಿಗೆ ಒಂಬತ್ತು ಗೆರೆ.

ಮೊದಲ ಗೆರೆಯ ದಿನವೇ ಸ್ಟಾಫ್ ರೂಮಿನಲ್ಲಿ ದಯಾಮಣಿ ಟೀಚರ್ ಹತ್ತಿರ ಹೇಳಿಕೊಂಡಿದ್ದೆ. ಅವರು ಕ್ರೈಸ್ತರು. ನಿವೃತ್ತಿಗೆ ಹತ್ತಿರವಿದ್ದಾರೆ. ದಿನವೂ ಧರ್ಮಗ್ರಂಥ ಓದುವವರು.

“ನಮ್ಮಲ್ಲೂ ಇದೇ ಜಗಳ ಐತೆ ಕಣಮ್ಮ,” ಅಂದರು. “ದೇವರು ಅಬ್ರಹಾಮನಿಗೆ ಸಂತಾನ ಕೊಡ್ತೀನಿ, ನಾಡು ಕೊಡ್ತೀನಿ ಅಂತ ಮಾತು ಕೊಟ್ಟ. ಆಗಿನ ಕಾಲದಾಗೆ ಒಡಂಬಡಿಕೆ ಅಂದ್ರೆ ಪ್ರಾಣಿ ಕಡಿದು, ಹೋಳು ಎದುರುಬದುರು ಇಟ್ಟು, ಮಧ್ಯೆ ನಡೀಬೇಕು. ಮಾತು ತಪ್ಪಿದ್ರೆ ನನಗೂ ಇದೇ ಗತಿ ಅಂತ. ಅಬ್ರಹಾಮ ಎಲ್ಲ ಜೋಡಿಸಿಟ್ಟ. ಆಮೇಲೆ ಅವನಿಗೆ ಗಾಢ ನಿದ್ದೆ ಬಂತು. ಮಧ್ಯೆ ಹಾದುಹೋಗಿದ್ದು ಬೆಂಕಿ. ಅಂದ್ರೆ ದೇವರೊಬ್ಬನೇ.”

“ಹಂಗಾದ್ರೆ ಅಬ್ರಹಾಮ ಸಹಿನೇ ಹಾಕ್ಲಿಲ್ವಾ ಟೀಚರ್?”

“ಮಲಗಿದ್ದ ಕಣೇ!”

ನನಗೆ ಹಾಯೆನಿಸಿತು. ಆದರೆ ಅವರು ಮುಗಿಸಿರಲಿಲ್ಲ. “ಆಮೇಲೆ ಮೋಶೆಯ ಕಾಲಕ್ಕೆ ಬೇರೆ ಥರ. ಹೇಳಿದಂಗೆ ನಡೆದ್ರೆ ಮಳೆ, ಬೆಳೆ. ನಡೀದಿದ್ರೆ ಶಾಪ. ಹೊಲಕ್ಕೆ, ಮಕ್ಕಳಿಗೆ, ದನಕ್ಕೆ.”

“ದನಕ್ಕೂ?”

“ದನಕ್ಕೂ.”

“ಎರಡರಾಗೆ ಯಾವುದು ನಿಜ?”

“ಎರಡೂ ಅದೇ ಗ್ರಂಥದಾಗೆ ಅವೆ. ನಮ್ಮ ಚರ್ಚಿನ ಸಭೆಯೊಳಗೇ ಎರಡು ಪಾರ್ಟಿ. ನೀನು ಟೀ ಕುಡಿ, ಆರೋಗ್ತೈತೆ.”

ಭಾನುವಾರ ಬೇಲಿಯ ಈಚೆ ನಿಂತಾಗ ನನ್ನ ತಲೆಯಲ್ಲಿ ಉಳಿದಿದ್ದು ಎರಡನೇ ಭಾಗ ಮಾತ್ರ. ದನಕ್ಕೂ.

ಎತ್ತಿನ ಎಡಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ನಾಲಿಗೆ ಹೊರಗೆ. ದೊಡ್ಡಪ್ಪ ಅದರ ಕತ್ತನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ವೈದ್ಯರು ಬಂದಾಗ ಹನ್ನೆರಡು ಇಪ್ಪತ್ತು. ಶೇಂಗಾ ಎಣ್ಣೆ ಕುಡಿಸಿದರು, ಹೊಟ್ಟೆ ನೀವಿದರು. ಉಬ್ಬರ ಇಳಿಯಲಿಲ್ಲ.

“ಪಕ್ಕೆಗೆ ಚುಚ್ಚಿ ಗಾಳಿ ತೆಗೀಬೇಕು,” ಅಂದರು. “ಇನ್ನರ್ಧ ಗಂಟೆ ಟೈಮ್ ಐತೆ. ಆಮೇಲೆ ನನ್ನ ಕರೀಬೇಡ್ರಿ.”

ಹಟ್ಟಿಯ ಯಜಮಾನ ಓಬಯ್ಯ ತಾತ ಅಡ್ಡ ಬಂದರು. “ದೇವರೆತ್ತಿಗೆ ಕಬ್ಬಿಣ ತಾಗ್ಸಂಗಿಲ್ರಿ ಸಾರ್. ಯಾರೋ ಕಟ್ಟು ಮುರಿದವ್ರೆ. ಅವರು ಒಪ್ಕಂಡು ತೀರ್ಥ ತಗಂಡ್ರೆ ಅದೇ ಎದ್ದೇಳ್ತೈತೆ.”

“ಎತ್ತಿಗೆ ಆಗಿರೋದು ಹೊಟ್ಟೆ ಉಬ್ಬರ ಕಣ್ರಿ.”

“ಯಾಕೆ ಆತು ಅಂತ ನಮಗೆ ಗೊತ್ತೈತೆ.”

ದೇವರ ಬಂಡಾರದ ತಟ್ಟೆ ಹೊರಟಿತು. ಒಬ್ಬೊಬ್ಬರೇ ಅರಿಶಿನದ ಪುಡಿ ಮುಟ್ಟಿ ‘ನಾನು ತಪ್ಪಿಲ್ಲ’ ಅನ್ನಬೇಕು. ನನಗಿಂತ ಮುಂಚೆ ನಾಲ್ಕು ಜನ ಇದ್ದರು. ಮೂರು. ಎರಡು. ಸುಳ್ಳು ಹೇಳಿದರೆ ಹುಡುಕಾಟ ಮುಂದುವರಿಯುತ್ತದೆ, ಅರ್ಧ ಗಂಟೆ ಕಳೆದುಹೋಗುತ್ತದೆ. ನಿಜ ಹೇಳಿದರೆ? ಎತ್ತು ತಾನೇ ಏಳಲಿ ಎಂದು ಎಲ್ಲರೂ ಕಾಯುತ್ತಾ ಕೂರುತ್ತಾರೆ, ಆಗಲೂ ಅರ್ಧ ಗಂಟೆ ಕಳೆದುಹೋಗುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ತಟ್ಟೆ ಬಂತು. ನನ್ನ ಕೈ ಮೇಲೇಳಲಿಲ್ಲ.

“ನಾನು ತಪ್ಪಿದೀನಿ ತಾತ.”

“ಹೇಳಮ್ಮಾ, ಏನ್ ಮಾಡ್ದೆ?”

“ಮೊಟ್ಟೆ ತಿಂದೆ. ಸ್ಕೂಲಾಗೆ. ಒಂಬತ್ತು ಸಲ.”

“ಅಯ್ಯೋ, ಲೆಕ್ಕ ಬೇರೆ ಮಡಗವ್ಳೆ!” ಹಿಂದಿನಿಂದ ಯಾವುದೋ ಹೆಂಗಸಿನ ದನಿ. ನನ್ನ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹನ್ನೆರಡು ನಲವತ್ತೊಂದಕ್ಕೆ ನನ್ನ ಮೇಲೆ ತೀರ್ಥ ಬಿತ್ತು. ಎತ್ತಿನ ಮೇಲೂ ಬಿತ್ತು. ಎಲ್ಲರೂ ಎತ್ತನ್ನೇ ನೋಡಿದರು. ಎತ್ತು ಏಳಲಿಲ್ಲ. ಹನ್ನೆರಡು ಐವತ್ತು. ಅದರ ಕಣ್ಣು ಮೇಲಕ್ಕೆ ತಿರುಗತೊಡಗಿತು. ವೈದ್ಯರು ವಾಚ್ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

ದೊಡ್ಡಪ್ಪ ತಲೆಯೆತ್ತಿದ.

“ಮೊಟ್ಟೆ ತಿಂದೋಳು ಅವಳು. ಎತ್ತು ತಿಂದೈತಾ?”

ಅವನು ವೈದ್ಯರ ಕಡೆ ತಿರುಗಿದ.

“ಚುಚ್ರಿ ಸಾರ್.”

“ಲೇ ಬೋರಯ್ಯ!” ಓಬಯ್ಯ ತಾತ ಮುಂದೆ ಬಂದರು. “ಕಬ್ಬಿಣ ತಾಗ್ಸಿದ್ರೆ ಇವತ್ತಿಂದ ನೀನು ಕಿಲಾರಿ ಅಲ್ಲ.”

“ಆಗ್ಲಿ ಬುಡಣ್ಣ. ದೇವರು ಕೊಟ್ಟ ಮಾತು ನನ್ನ ಕೋಲಿನ ಮೇಲೆ ನಿಂತೈತಾ?”

ವೈದ್ಯರು ಇನ್ನೊಮ್ಮೆ ಕೇಳಲಿಲ್ಲ. ಹನ್ನೆರಡು ಐವತ್ತೆಂಟು. ಪಕ್ಕೆಯಿಂದ ಗಾಳಿ ಸೀಟಿ ಹೊಡೆದ ಹಾಗೆ ಹೊರಬಂತು. ಕೆಟ್ಟ ವಾಸನೆ. ಅಷ್ಟು ಕೆಟ್ಟ ವಾಸನೆ ಅಷ್ಟು ಚೆನ್ನಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ. ಒಂದು ಹದಿನೈದಕ್ಕೆ ಎತ್ತು ಮುಂಗಾಲು ಊರಿ ಎದ್ದು ನಿಂತಿತು.

ಕೈ ತೊಳೆಯುತ್ತಾ ವೈದ್ಯರು ಕೇಳಿದರು: “ಬೆಳಿಗ್ಗೆ ಏನು ತಿಂದಿತ್ತು?”

“ಹಸಿ ಶೇಂಗಾ ಬಳ್ಳಿ,” ಅಂದ ದೊಡ್ಡಪ್ಪ. “ಹರಕೆದು. ಒಂದು ಗಾಡಿ ಬಂದಿತ್ತು, ಮೊದ್ಲು ಬಾಯಿ ಹಾಕಿದ್ದು ಇದೇ.”

“ಅದೇ ಮತ್ತೆ. ಖಾಲಿ ಹೊಟ್ಟೆಗೆ ಅಷ್ಟೊಂದು ಹಸಿ ಬಳ್ಳಿ ಹಾಕ್ತಾರೇನ್ರಿ? ಯಾರು ತಂದಿದ್ದು?”

ಎಲ್ಲರೂ ಓಬಯ್ಯ ತಾತನ ಕಡೆ ನೋಡಿದರು. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. “ಹರಕೆ ತೀರ್ಸಿದ್ದು ತಪ್ಪೇನ್ರಿ ಸಾರ್?”

“ತಪ್ಪಲ್ಲ ಯಜಮಾನ್ರೇ. ಜಾಸ್ತಿ ಆತು, ಅಷ್ಟೆ.”

ದೊಡ್ಡಪ್ಪ ಕಿಲಾರಿಯ ಕೋಲನ್ನು ಬೇಲಿಗೆ ಒರಗಿಸಿದ. ರೊಪ್ಪದ ಬಾಯಿ ದಾಟಿ ಬಂದು, ನಾವು ಹೆಂಗಸರು ನಿಲ್ಲುವ ಜಾಗದಲ್ಲಿ ನನ್ನ ಪಕ್ಕ ನಿಂತ. ಮೂವತ್ತೊಂದು ವರ್ಷದಲ್ಲಿ ಅವನು ಆ ದನಗಳನ್ನು ಬೇಲಿಯ ಈಚೆಯಿಂದ ನೋಡಿದ್ದು ಅದೇ ಮೊದಲು.

“ಎಷ್ಟು ಅಂದೆ ಮಗಾ?”

“ಒಂಬತ್ತು.”

“ಕಬ್ಬಿಣದ್ದು ನಂದೊಂದು. ಹತ್ತು ಅಂತ ಬರ್ಕ.”

ಬರೆದುಕೊಂಡೆ.

ಈಗ ಹಟ್ಟಿಯಲ್ಲಿ ಎರಡು ಮಾತು ಓಡಾಡುತ್ತಿವೆ. ನಾನು ಒಪ್ಪಿಕೊಂಡಿದ್ದಕ್ಕೆ ಎತ್ತು ಉಳಿಯಿತು ಅನ್ನುವವರು ಕೆಲವರು. ಸೂಜಿಯಿಂದ ಉಳಿಯಿತು ಅನ್ನುವವರು ಕೆಲವರು. ನನ್ನ ಡೈರಿಯಲ್ಲಿ ಎಲ್ಲದರ ಗಂಟೆ ನಿಮಿಷ ಇದೆ, ಕಾರಣ ಮಾತ್ರ ಇಲ್ಲ. ಮೊದಲ ಎಂಟು ಮೊಟ್ಟೆಗೆ ಯಾವ ಎತ್ತೂ ಬೀಳಲಿಲ್ಲವಲ್ಲ ಎಂದು ಅವ್ವನಿಗೆ ಹೇಳಿದೆ. “ಅದು ದೇವರ ತಾಳ್ಮೆ,” ಅಂದಳು. ಇಂಥ ಉತ್ತರಕ್ಕೆ ಯಾವ ಡೈರಿ ಏನು ಮಾಡೀತು?

ನನಗನ್ನಿಸುವುದು ಇಷ್ಟು. ಷರತ್ತು ಹಾಕುವ ದೇವರು ನಮಗೆ ಅನುಕೂಲ. ಎತ್ತು ಬಿದ್ದರೆ, ಮಳೆ ಹೋದರೆ, ಮಗುವಿಗೆ ಜ್ವರ ಬಂದರೆ ಕೂಡಲೇ ಒಬ್ಬ ತಪ್ಪಿತಸ್ಥ ಸಿಗುತ್ತಾನೆ. ಬಹಳ ಸಲ ಆ ತಪ್ಪಿತಸ್ಥ ನಾವಲ್ಲ, ಪಕ್ಕದವನು. ಆದರೆ ಒಬ್ಬ ಟೀಚರ್ ಮೊಟ್ಟೆ ತಿಂದರೆ ಮುರಿದುಬೀಳುವ ಮಾತು ದೇವರ ಮಾತು ಹೇಗಾಗುತ್ತದೆ?

ಸೋಮವಾರ ದಯಾಮಣಿ ಟೀಚರ್ ಎಲ್ಲ ಕೇಳಿಸಿಕೊಂಡರು. ಆಮೇಲೆ ಅಂದರು: “ನಮ್ಮ ಗ್ರಂಥದಾಗೂ ಜನ ತಪ್ಪಿದ್ರು. ನಾಡು ಕಳ್ಕಂಡ್ರು, ಸೆರೆ ಹೋದ್ರು. ಶಿಕ್ಷೆ ತಪ್ಪಲಿಲ್ಲಮ್ಮ. ಆದ್ರೆ ದೇವರು ತನ್ನ ಮಾತು ವಾಪಸ್ ತಗಳ್ಳಲಿಲ್ಲ.”

ಹಾಗಾದರೆ ಕಟ್ಟುಪಾಡು ಯಾತಕ್ಕೆ? ಮಾತು ಹೇಗೂ ಉಳಿಯುವುದಾದರೆ ಒಬ್ಬ ಮನುಷ್ಯ ಮೂವತ್ತೊಂದು ವರ್ಷ ಬರಿಗಾಲಲ್ಲಿ ಮುಳ್ಳು ತುಳಿದದ್ದು ಯಾಕೆ? ಮಂಗಳವಾರ ಫೋನಿನಲ್ಲಿ ದೊಡ್ಡಪ್ಪನನ್ನೇ ಕೇಳಿದೆ.

“ಅಷ್ಟು ದೊಡ್ಡ ಮಾತು ಕೊಟ್ಟವನೆ. ಅವನ ಎದುರಿಗೆ ಚಪ್ಪಲಿ ಹಾಕ್ಕಂಡು ಓಡಾಡಾಕೆ ನಾಚಿಕೆ ಆಗಾಕಿಲ್ವಾ?” ಅಂದ.

“ಈಗ ಹಾಕ್ಕಂಡಿದ್ದೀಯಾ ದೊಡ್ಡಪ್ಪ?”

“ಇಲ್ಲ.”

ಹೊಸ ಕಿಲಾರಿ ಇನ್ನೂ ಗೊತ್ತಾಗಿಲ್ಲ. ದೊಡ್ಡಪ್ಪ ದಿನವೂ ಬೇಲಿಯ ಈಚೆ ಬಂದು ಕೂರುತ್ತಾನಂತೆ. ನಾನೂ ಸದ್ಯಕ್ಕೆ ಗುಡಿಯ ಮೆಟ್ಟಿಲು ಹತ್ತುವಂತಿಲ್ಲ.

ನಾಳೆ ಶಾಲೆಯಲ್ಲಿ ಮೊಟ್ಟೆಯ ದಿನ, ಸರದಿ ನನ್ನದು. ಹನ್ನೊಂದನೆಯ ಗೆರೆ ಎಳೆದರೆ ಮುರಿಯುವುದು ದೇವರ ಮಾತೋ, ನನ್ನದೋ?