ದೇವಿರಮ್ಮ ಬ್ರೇಕು ಪ್ಯಾಡು ಹಾಕಿದ್ದು

ಕೊತ್ತತ್ತಿಯ ದೇವಿರಮ್ಮನಿಗೆ ಗಂಡನ ಬಾಯಿಂದ ಒಂದೇ ಒಂದು ಬೈಗುಳ ಕೇಳಬೇಕು ಅನ್ನುವ ಆಸೆ ಹುಟ್ಟಿ ಎರಡು ವರ್ಷವಾಯಿತು. ಕೇಳಿದವರು ನಗುತ್ತಾರೆ, ನಗಲಿ. ಚಲುವರಾಜು ಬಾಯಿ ತೆರೆದರೆ ಬೀದಿಯಲ್ಲಿ ಮಲಗಿದ ನಾಯಿಯೂ ಎದ್ದು ಜಾಗ ಬದಲಾಯಿಸುತ್ತಿದ್ದ ಕಾಲವೊಂದಿತ್ತು. ಮೂವತ್ತು ವರ್ಷ ಬಾಡಿಗೆ ಕಾರು ಓಡಿಸಿದ ಮನುಷ್ಯ. ವಿ.ಸಿ. ಫಾರಂನ ಕೃಷಿ ಸಾಹೇಬರನ್ನು ಮಳವಳ್ಳಿಯ ಗದ್ದೆಗಳಿಗೆ, ಬಸುರಿಯರನ್ನು ಮಂಡ್ಯದ ಆಸ್ಪತ್ರೆಗೆ, ಮದುಮಕ್ಕಳನ್ನು ಮದ್ದೂರಿನ ಛತ್ರಕ್ಕೆ ಮುಟ್ಟಿಸಿದವನು. ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈ ಬಲಗಾಲು ಸೋತವು, ಮಾತು ನಿಂತುಹೋಯಿತು. ಅವತ್ತಿನಿಂದ ಜಗಲಿಯ ಮೇಲಿನ ಪ್ಲಾಸ್ಟಿಕ್ ಕುರ್ಚಿಯೇ ಅವನ ಜಾಗ, ಎಡಗೈಯಲ್ಲೊಂದು ಕೋಲು. ಈಗ ಮನೆ ಎಷ್ಟು ಶಾಂತವಾಗಿದೆ ಎಂದು ನೆಂಟರು ಹೇಳಿದರೆ ದೇವಿರಮ್ಮನ ಮೈಯೆಲ್ಲ ಉರಿಯುತ್ತಿತ್ತು. ಯಾರಿಗೆ ಬೇಕಾಗಿತ್ತು ಈ ಶಾಂತಿ?

ಬಾಡಿಗೆ ಮುಗಿಸಿ ಬರುವಾಗ ಅವನು ನಾಲೆಯ ತಿರುವಿನಲ್ಲಿ ಹಾರ್ನು ಹೊಡೆಯುತ್ತಿದ್ದ. ಎರಡು ಸಲ ಚಿಕ್ಕದು, ಒಂದು ಸಲ ಉದ್ದ. ಬಂದೆ, ಮುದ್ದೆಗೆ ಎಸರಿಡು ಎಂದು ಅದರ ಅರ್ಥ. ಈಗಲೂ ಸಂಜೆ ಒಲೆಯ ಮುಂದೆ ನಿಂತರೆ ಅವಳ ಕಿವಿ ನಾಲೆಯ ಕಡೆಗೇ ಇರುತ್ತದೆ.

ಮಾತು ಕಲಿಸುವ ಡಾಕ್ಟರ ಹತ್ತಿರ ವಾರಕ್ಕೊಮ್ಮೆ ಮಂಡ್ಯಕ್ಕೆ ಕರೆದುಕೊಂಡು ಬನ್ನಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಮಗಳು ಗಗನ ಅದಕ್ಕೆಂದೇ ಡ್ರೈವಿಂಗ್ ಕಲಿತು, ಅಪ್ಪನ ಬಿಳಿ ಕಾರನ್ನು ಊರೊಳಗೆ ನಾಲ್ಕು ಸುತ್ತು ಓಡಿಸಿದಳು. ಬ್ರೇಕು ಹಿಡಿದಾಗೆಲ್ಲ ಮುಂದಿನ ಚಕ್ರ ಕಿರ್ರೆನ್ನುತ್ತಿತ್ತು. ಚಕ್ರವನ್ನು ಹಿಡಿದು ನಿಲ್ಲಿಸುವ ಪ್ಯಾಡು ಸವೆದಿದೆ, ಗ್ಯಾರೇಜಿಗೆ ಬಿಡೋಣ ಅಂದಳು. ದೇವಿರಮ್ಮ ಒಪ್ಪಲಿಲ್ಲ. ಇಂಜಿನ್ನು ಯಾರಾದರೂ ಬಿಚ್ಚಲಿ, ಬ್ರೇಕಿಗೆ ಮಾತ್ರ ಹೊರಗಿನವರ ಕೈ ಬೀಳಬಾರದು ಎನ್ನುವುದು ಚಲುವರಾಜುವಿನ ಹಟ. ಪ್ರತಿಸಲವೂ ಅಂಗಳದಲ್ಲೇ ಪ್ಯಾಡು ಹಾಕುತ್ತಿದ್ದ. ಸ್ಪ್ಯಾನರು ಎತ್ತಿಕೊಟ್ಟು, ಕೊನೆಗೆ ಸೀಟಿನಲ್ಲಿ ಕೂತು ಪೆಡಲು ಒತ್ತುತ್ತಿದ್ದವಳು ಇವಳೇ. ಇಪ್ಪತ್ತು ಸಲ ನೋಡಿದ ಕೆಲಸ ಕೈಗೆ ಬರದೆ ಇರುತ್ತದೆಯೇ?

ಭಾನುವಾರ ಬೆಳಿಗ್ಗೆ ದೇವಿರಮ್ಮ ಕಾರನ್ನು ಅಂಗಳದ ಮಟ್ಟಸವಾದ ಜಾಗದಲ್ಲಿ ಮಗಳಿಂದ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಳು. ಚಕ್ರ ನೆಲದಲ್ಲಿರುವಾಗಲೇ ಸ್ಪ್ಯಾನರಿನ ಮೇಲೆ ಹತ್ತಿ ನಿಂತು ನಟ್ಟು ಸಡಿಲ ಮಾಡಿದಳು. ಜಾಕಿ ಏರಿಸಿದ ಮೇಲೆ ಕೆಳಗೆ ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಕಾರನ್ನು ಅಲುಗಾಡಿಸಿ ನೋಡಿದಳು. ಜಾಕಿಯೊಂದನ್ನೇ ನಂಬಿ ಕೈಹಾಕಿದರೆ ಕೈ ನಿನ್ನದಲ್ಲ ಎಂದು ಅವನು ಹೇಳುತ್ತಿದ್ದುದು ಅವಳಿಗೆ ಬಾಯಿಪಾಠ. ಪ್ಯಾಡುಗಳನ್ನು ಅಮುಕುವ ಕ್ಯಾಲಿಪರನ್ನು ಬಿಚ್ಚಿ, ಅದು ಬ್ರೇಕಾಯಿಲಿನ ಪೈಪಿಗೆ ಜೋತುಬೀಳದಂತೆ ತಂತಿಯಲ್ಲಿ ಕಟ್ಟಿದಳು. ಹಳೆಯ ಪ್ಯಾಡು ಉಗುರಿನಷ್ಟು ಉಳಿದಿತ್ತು. ಹೊಸದು ದಪ್ಪ, ಅದಕ್ಕೆ ಜಾಗವಾಗಬೇಕಲ್ಲ. ಕ್ಲಾಂಪು ಹಾಕಿ ಪ್ಯಾಡನ್ನು ನೂಕುವ ಪಿಸ್ಟನ್ನನ್ನು ನಿಧಾನವಾಗಿ ಒಳಕ್ಕೆ ತಳ್ಳುವಾಗ, ಬಾನೆಟ್ಟಿನ ಕೆಳಗಿನ ಬ್ರೇಕಾಯಿಲಿನ ಡಬ್ಬಿಯಿಂದ ಆಯಿಲು ಉಕ್ಕದಂತೆ ನೋಡಿಕೊಳ್ಳಲು ಗಗನಳನ್ನು ನಿಲ್ಲಿಸಿದಳು. ಜಗಲಿಯಿಂದ ಚಲುವರಾಜು ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಎಲ್ಲೂ ತಪ್ಪಿಲ್ಲವೆಂದು ತಾನೇ ಅವನು ಸುಮ್ಮನಿರುವುದು ಎಂದುಕೊಂಡರೆ ಅವಳಿಗೆ ಹೆಮ್ಮೆಯ ಜೊತೆಗೆ ಸಂಕಟವೂ ಆಯಿತು.

ಹೊಸ ಪ್ಯಾಡಿನ ಪೊಟ್ಟಣ ಬಿಚ್ಚಿದಳು. ಆ ಮನೆಗೆ ಹೊಸ ಕುಡುಗೋಲು ಬಂದರೂ ಹೊಸ ಮೊರ ಬಂದರೂ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಡದೆ ಬಳಸುವುದಿಲ್ಲ. ಬಟ್ಟಲು ತಂದು, ಬೆರಳು ಅದ್ದಿ, ಪ್ಯಾಡಿನ ಮುಖದ ಮೇಲೆ ಇನ್ನೇನು ಇಡಬೇಕು, ಜಗಲಿಯಲ್ಲಿ ಕೋಲು ಕಲ್ಲಿಗೆ ಬಡಿಯಿತು. ನೀರಿಗಿರಬೇಕು ಎಂದುಕೊಂಡು ಗಗನ ಚೊಂಬು ಹಿಡಿದು ಓಡಿದಳು. ಅವನು ಚೊಂಬನ್ನು ತಳ್ಳಿ ಮತ್ತೆ ಬಡಿದ. ಮುಖ ಕೆಂಪಾಗಿತ್ತು, ಕಣ್ಣು ದೇವಿರಮ್ಮನ ಬೆರಳಿನ ಮೇಲಿತ್ತು.

ಆಗ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಒಮ್ಮೆ ಹೀಗೇ ಪ್ಯಾಡಿನ ಮುಖಕ್ಕೆ ಎಣ್ಣೆಕುಂಕುಮ ಇಟ್ಟಿದ್ದಳು. "ಎಣ್ಣೆ ಕುಡಿದ ಪ್ಯಾಡು ಗಾಡಿ ನಿಲ್ಸಲ್ಲ ಕಣಮ್ಮಿ, ನಾಲೇಗೇ ಇಳಿಸ್ತದೆ" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಾಡಿ, ಹೊಚ್ಚಹೊಸ ಜೋಡಿಯನ್ನೇ ತಿಪ್ಪೆಗೆ ಎಸೆದಿದ್ದ. ಆಮೇಲೆ ಇನ್ನೊಂದು ಜೋಡಿ ತಂದವನು, ಅವಳ ಮುಖ ನೋಡಿ, ಹಿಂಬದಿಯ ತಗಡಿಗೆ ಅರಿಶಿನದ ಪುಡಿ ಬೇಕಾದರೆ ಮುಟ್ಟಿಸು ಎಂದು ಮೆಲ್ಲಗೆ ಹೇಳಿದ್ದ. ಅಷ್ಟು ಬೈದಿದ್ದೂ ಅವನೇ, ಅಷ್ಟು ಮೆಲ್ಲಗೆ ಹೇಳಿದ್ದೂ ಅವನೇ. ದೇವಿರಮ್ಮ ಬೆರಳನ್ನು ಸೋಪು ಹಾಕಿ ತೊಳೆದು, ಹಿಂಬದಿಗೆ ಚಿಟಿಕೆ ಅರಿಶಿನ ಮುಟ್ಟಿಸಿದಳು. ಕೋಲು ಸುಮ್ಮನಾಯಿತು. ಅದು ಬೈಗುಳವೇ, ಆದರೆ ದನಿಯಿಲ್ಲದ್ದು. ಅವಳಿಗೆ ಸಾಲಲಿಲ್ಲ.

ಎರಡೂ ಕಡೆ ಪ್ಯಾಡು ಕೂತವು, ಚಕ್ರ ಏರಿದವು, ಕಾರು ನೆಲಕ್ಕಿಳಿಯಿತು, ನಟ್ಟುಗಳನ್ನು ಬಿಗಿ ಮಾಡಿದ್ದಾಯಿತು. ಉಳಿದದ್ದು ಪೆಡಲು ಒತ್ತುವುದು. ಹೊಸ ಪ್ಯಾಡು ಹಾಕಿದ ಮೇಲೆ ಮೊದಲು ಪೆಡಲು ತಳಕ್ಕೆ ಹೋಗುತ್ತದೆ. ಗಟ್ಟಿಯಾಗುವವರೆಗೆ ಒತ್ತದೆ ಗಾಡಿ ಕದಲಿಸಿದರೆ ನಿಲ್ಲುವುದಿಲ್ಲ. ಗಗನ ಸೀಟಿಗೆ ಹೊರಟಳು. ದೇವಿರಮ್ಮ ತಡೆದು, ನಿಮ್ಮಪ್ಪನನ್ನು ಕೂರಿಸೋಣ, ಎಡಗಾಲು ಚೆನ್ನಾಗೇ ಇದೆಯಲ್ಲ ಎಂದಳು. ಇಬ್ಬರೂ ಹೆಗಲು ಕೊಟ್ಟು ಕರೆತಂದು ಕೂರಿಸಿದರು.

ಅವಳು ಚಕ್ರದ ಪಕ್ಕ, ಅವನು ಕೂರುತ್ತಿದ್ದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಒತ್ತಿ" ಅಂದಳು. ಸ್ವಲ್ಪ ತಡೆದು, "ಇನ್ನೊಂದ್ಸಲ ಒತ್ತಿ." ಹಿಂದೆಲ್ಲ ಅವನು ಹೀಗೆ ಕೂಗಿದರೆ ಸೀಟಿನಿಂದ ಇವಳು ಗಟ್ಟಿಯಾಯಿತು ಎಂದು ಉತ್ತರ ಕೊಡಬೇಕಿತ್ತು. ಆರು ಸಲ ಒತ್ತಿಸಿ ಕೇಳಿದಳು.

"ಗಟ್ಟಿ ಆಯ್ತಾ?"

ಅವನ ತುಟಿ ಅಲುಗಿತು. ಕುತ್ತಿಗೆಯ ನರ ಉಬ್ಬಿತು. ಮಾತು ಬರಲಿಲ್ಲ. ದೇವಿರಮ್ಮ ಅತ್ತಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನ ಎಡಗೈ ಸ್ಟಿಯರಿಂಗಿನ ನಡುಮಧ್ಯಕ್ಕೆ ತೆವಳಿದ್ದು ಅವಳಿಗೆ ಕಾಣಲಿಲ್ಲ.

ಹಾರ್ನು ಕೂಗಿತು. ಎರಡು ಸಲ ಚಿಕ್ಕದು, ಒಂದು ಸಲ ಉದ್ದ.

ಅಂಗಳದಲ್ಲೇ ನಿಧಾನಕ್ಕೆ ಓಡಿಸಿ ಬ್ರೇಕು ಪರೀಕ್ಷೆ ಮಾಡಬೇಕೆಂದು ಗಗನ ಕಾದು ನಿಂತಿದ್ದಳು. ದೇವಿರಮ್ಮ ಗ್ರೀಸಿನ ಕೈಯಲ್ಲೇ ಎದ್ದು ಒಳಗೆ ಹೊರಟಳು. ಎಲ್ಲಿಗವ್ವ ಎಂದು ಮಗಳು ಕೇಳಿದ್ದಕ್ಕೆ ತಿರುಗದೆಯೇ ಹೇಳಿದಳು.

"ನಿಮ್ಮಪ್ಪ ಬತ್ತಾವ್ರೆ ಕಣಮ್ಮಿ. ಎಸರಿಡ್ತೀನಿ."